ಕುಲುಮೆಯ ಕಾಯಕವೂ ಕಾಣದ ಹದವೂ

ಹೊಟ್ಟೆಪಾಡಿನ ದುಡಿಮೆಗೂ ಕಾಯಕಕ್ಕೂ ಹೊರನೋಟಕ್ಕೆ ಅಂತರವಿಲ್ಲ. ಎರಡರಲ್ಲಿಯೂ ಕೈ ದುಡಿಯುವುದು, ಮೈ ಬೆವರುವುದು, ಸಂಜೆಗೆ ಕೂಲಿ ಕೈಸೇರುವುದು. ಆದರೂ ಶರಣರು ದುಡಿಮೆಯೆಲ್ಲವನ್ನೂ ಕಾಯಕವೆಂದು ಕರೆಯಲಿಲ್ಲ. ಸತ್ಯಶುದ್ಧವಾದುದು, ಪರರನ್ನು ವಂಚಿಸದುದು, ಅಗತ್ಯಕ್ಕೆ ಮೀರಿದ ಗಳಿಕೆಯನ್ನು ಬಯಸದುದು, ಬಂದ ಫಲವನ್ನು ದಾಸೋಹದಲ್ಲಿ ಸವೆಸುವುದು, ಇಂತಹ ದುಡಿಮೆಯೊಂದೇ ಅವರ ದೃಷ್ಟಿಯಲ್ಲಿ ಕಾಯಕ. ಈ ತತ್ತ್ವವನ್ನು ಒಪ್ಪದ ಭಕ್ತರಿಲ್ಲ. ಆದರೆ ಒಪ್ಪುವುದು ಸುಲಭ. ಕಾಲವೂ ಉಪಕರಣವೂ ಬದಲಾದಾಗ ಅದನ್ನು ಅನ್ವಯಿಸಿ ನಡೆಯುವುದು ಕಠಿಣ. ಹಿಂದಿನವರು ಕೈಯಿಂದ ಮಾಡುತ್ತಿದ್ದುದನ್ನು ಇಂದು ಯಂತ್ರ ಮಾಡುತ್ತಿದ್ದರೆ ಕಾಯಕವು ಎಲ್ಲಿ ಉಳಿಯಿತು? ಅಳಿಯುತ್ತಿರುವ ಒಂದು ಕಸುಬನ್ನು ಮತ್ತೆ ಎತ್ತಿ ನಿಲ್ಲಿಸಿದರೆ ಅದರೊಡನೆ ಕಾಯಕವೂ ಎದ್ದು ನಿಲ್ಲುವುದೇ? ಈ ಪ್ರಶ್ನೆಗಳನ್ನು ಬರಿಯ ಮಾತಿನಲ್ಲಿ ಬಿಡಿಸುವುದಕ್ಕಿಂತ ಒಂದು ಕಸುಬನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. ದಾವಣಗೆರೆ ಹರಿಹರಗಳ ಸೀಮೆಯಲ್ಲಿ ಇದಕ್ಕೆ ತಕ್ಕ ಉದಾಹರಣೆಯೆಂದರೆ ಕಮ್ಮಾರಿಕೆ.

ಈ ಸೀಮೆಗೂ ಕಬ್ಬಿಣಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಹರಿಹರದಿಂದ ತುಂಗಭದ್ರೆಯ ಮೇಲ್ಹರಿವಿನ ಕಡೆಗೆ, ಈಗ ಹಾವೇರಿ ಜಿಲ್ಲೆಗೆ ಸೇರಿದ ಹಳ್ಳೂರೆಂಬ ಊರಿದೆ. ಅಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ಕಬ್ಬಿಣದ ಆಯುಧಗಳು ದೊರೆತವು. ಅವು ಕ್ರಿಸ್ತಪೂರ್ವ 1000ದ ಆಸುಪಾಸಿನವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಎಂದರೆ ಕಲ್ಯಾಣದ ಶರಣರಿಗಿಂತ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಈ ಹೊಳೆಯ ದಡದಲ್ಲಿ ಕುಲುಮೆಯ ಬೆಂಕಿ ಉರಿಯುತ್ತಿದ್ದಿತು. ಇಂಗ್ಲಿಷರು ಭಾರತದ ಹೆಸರಾಂತ ಉಕ್ಕನ್ನು ಕರೆದ ‘ವೂಟ್ಸ್’ ಎಂಬ ಹೆಸರು ಕನ್ನಡದ ‘ಉಕ್ಕು’ ಎಂಬ ಶಬ್ದದಿಂದಲೇ ಹುಟ್ಟಿತೆಂಬುದು ಅನೇಕ ಪಂಡಿತರ ಅಭಿಪ್ರಾಯ. ಕಬ್ಬಿಣದ ತುಂಡನ್ನು ತಂಗಡಿಯ ಕಟ್ಟಿಗೆಯೊಡನೆಯೂ ಹಸಿ ಎಲೆಗಳೊಡನೆಯೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ದೀರ್ಘಕಾಲ ಕಾಯಿಸಿ ಉಕ್ಕನ್ನು ಮಾಡುತ್ತಿದ್ದ ವಿಧಾನವನ್ನು 1800 ಮತ್ತು 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಬರೆದಿಟ್ಟಿದ್ದಾನೆ. ಮುಂದೆ ಹಡಗುಗಳಲ್ಲಿ ಅಗ್ಗದ ವಿಲಾಯತಿ ಕಬ್ಬಿಣ ಬಂದಿತು; ಇದ್ದಿಲಿಗೆ ಬೇಕಾದ ಕಾಡು ದುರ್ಲಭವಾಯಿತು; ಅದಿರನ್ನು ಕರಗಿಸುವ ಒಲೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದಾಗಿ ಆರಿದವು. ಹಳ್ಳಿಯ ಕಮ್ಮಾರನ ಪಾಲಿಗೆ ಉಳಿದುದು ಪೇಟೆಯಿಂದ ಬಂದ ಕಬ್ಬಿಣವನ್ನು ಕಾಯಿಸಿ ಬಡಿಯುವ ಕೆಲಸ.

ಆ ಕೆಲಸವೇನೂ ಅಲ್ಪವಲ್ಲ. ನೇಗಿಲಿನ ಕುಳ, ಕುಂಟೆಯ ಕುಡ, ಕುಡುಗೋಲು, ಗುದ್ದಲಿ, ಕೊಡಲಿ, ಬಂಡಿಯ ಗಾಲಿಗೆ ಬಿಗಿಯುವ ಪಟ್ಟಿ, ಬಾಗಿಲಿನ ಚಿಲಕ, ಬಾವಿಯ ರಾಟೆಯ ಅಚ್ಚು, ಇವಿಲ್ಲದೆ ಒಕ್ಕಲುತನವಿಲ್ಲ, ಸಂಸಾರವೂ ಇಲ್ಲ. ಬಡಗಿಯ ಉಳಿಯೂ ಸಮಗಾರನ ರಂಪಿಗೆಯೂ ನಾವಿಂದನ ಕತ್ತಿಯೂ ಕಮ್ಮಾರನ ಕೈಯಿಂದಲೇ ಬರತಕ್ಕುವು. ಆದಕಾರಣ ಮಿಕ್ಕ ಕಾಯಕಗಳೆಲ್ಲಕ್ಕೂ ಕಮ್ಮಾರಿಕೆ ಬೇರಿನಂತಿದ್ದಿತೆಂದರೆ ಅತಿಶಯೋಕ್ತಿಯಾಗದು. ದಾವಣಗೆರೆಯ ಹೆಸರನ್ನು ನಾಡಿಗೆಲ್ಲ ಹಬ್ಬಿಸಿರುವ ದೋಸೆಯ ಕಾವಲಿಯನ್ನೂ ಮಂಡಕ್ಕಿ ಭಟ್ಟಿಯ ಬಾಣಲಿಯನ್ನೂ ನೋಡಿದರೆ, ಒಲೆಯ ಮೇಲಣ ಅನ್ನಕ್ಕೂ ಕುಲುಮೆಗೂ ಇರುವ ಸಂಬಂಧ ಅರಿವಾಗುವುದು.

ಕಮ್ಮಾರನ ವಿದ್ಯೆಯ ಸಾರವೆಲ್ಲವೂ ‘ಹದ’ವೆಂಬ ಒಂದು ಮಾತಿನಲ್ಲಿ ಅಡಗಿದೆ. ತಿದಿಯ ಗಾಳಿಗೆ ಕೆಂಡ ಹೊತ್ತಿಕೊಂಡಾಗ ಕಬ್ಬಿಣವು ಮೊದಲು ಮಂಕಾಗಿ ಕೆಂಪೇರುವುದು. ಬಳಿಕ ಕೆಂಪು ಹೊಳೆಯುವುದು. ಮುಂದೆ ಕಿತ್ತಳೆ, ಹಳದಿ. ಕಡೆಗೆ ಕಣ್ಣು ಕುಕ್ಕುವ ಬಿಳುಪು. ಬಾಗಿಸಲು ಒಂದು ಬಣ್ಣ, ಬೆಸೆಯಲು ಇನ್ನೊಂದು ಬಣ್ಣ. ಈ ಬಣ್ಣಗಳನ್ನು ಗುರುತಿಸಬೇಕಾದುದರಿಂದಲೇ ಕುಲುಮೆಯನ್ನು ಬಿಸಿಲಿನಲ್ಲಿ ಹೂಡದೆ ನೆರಳಿನ ಮಬ್ಬಿನಲ್ಲಿ ಹೂಡುವರು. ಇಕ್ಕಳದಿಂದ ಹಿಡಿದು, ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ರೂಪಕ್ಕೆ ತಂದ ಮೇಲೆ ಕಡೆಯ ಸಂಸ್ಕಾರವೊಂದಿದೆ. ಅಲಗನ್ನು ಮತ್ತೊಮ್ಮೆ ಕೆಂಪಗೆ ಕಾಯಿಸಿ ನೀರು ಕುಡಿಸುವರು. ಆಗ ಉಕ್ಕು ಕಲ್ಲಿನಂತೆ ಗಡುಸಾಗುವುದು. ಆದರೆ ಗಾಜಿನಂತೆ ಒಡೆಯುವ ಗುಣವನ್ನೂ ಪಡೆಯುವುದು. ಆದುದರಿಂದ ಅದರ ಮೈಯನ್ನು ಉಜ್ಜಿ ಬೆಳಗಿಸಿ ಮೆಲ್ಲನೆ ಪುನಃ ಬಿಸಿ ಮಾಡಬೇಕು. ತೆಳು ಹಳದಿ, ಕಂದು, ನೇರಿಳೆ, ನೀಲಿ ಎಂದು ಮೇಲ್ಮೈಯಲ್ಲಿ ಬಣ್ಣಗಳು ಸಾಲಾಗಿ ಓಡುವುವು. ಕಲ್ಲು ಕೆತ್ತುವ ಚಾಣಕ್ಕೆ ಯಾವ ಬಣ್ಣದಲ್ಲಿ ನಿಲ್ಲಿಸಬೇಕು, ಬಾಗಿ ಪುಟಿಯಬೇಕಾದ ಪಟ್ಟಿಗೆ ಯಾವ ಬಣ್ಣದಲ್ಲಿ ನಿಲ್ಲಿಸಬೇಕು ಎಂಬುದನ್ನು ಬಲ್ಲವನೇ ಕಮ್ಮಾರ. ಒಂದು ಕ್ಷಣ ಮುಂದಾದರೆ ಅಲಗು ಮೆತ್ತಗೆ. ಒಂದು ಕ್ಷಣ ಹಿಂದಾದರೆ ಅಲಗು ಪೆಡಸು.

ಈ ಹದದ ವಿಷಯದಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಮನಗಾಣಬೇಕು. ಹದವು ಕೊಳ್ಳುವವನ ಕಣ್ಣಿಗೆ ಕಾಣದು. ಚೆನ್ನಾಗಿ ಹದವಾದ ಕುಡುಗೋಲನ್ನೂ ಹದಗೆಟ್ಟ ಕುಡುಗೋಲನ್ನೂ ಉಜ್ಜಿ ಬೆಳಗಿಸಿ ಸಂತೆಯಲ್ಲಿ ಪಕ್ಕಪಕ್ಕದಲ್ಲಿಟ್ಟರೆ ಎರಡೂ ಸಮಾನವಾಗಿ ಮಿನುಗುವುವು. ಬಟ್ಟೆಯ ನೇಯ್ಗೆಯನ್ನು ಕೈಯಿಂದ ಮುಟ್ಟಿ ನೋಡಬಹುದು. ಗಡಿಗೆಯನ್ನು ಬೆರಳಿನಿಂದ ಬಡಿದು ನೋಡಬಹುದು. ಕಾಳನ್ನು ಅಂಗೈಯಲ್ಲಿ ಹಿಡಿದು ಪರೀಕ್ಷಿಸಬಹುದು. ಅಲಗಿನ ಒಳಗನ್ನು ಸಂತೆಯಲ್ಲಿ ಪರೀಕ್ಷಿಸುವ ಉಪಾಯ ಸಾಮಾನ್ಯ ರೈತನಿಗೆ ಇಲ್ಲ. ಅದರ ನಿಜವು ಹೊರಬೀಳುವುದು ಸುಗ್ಗಿಯ ದಿನ, ಹೊಲದ ನಡುವೆ, ಕಮ್ಮಾರನು ಎದುರಿಗಿಲ್ಲದ ಹೊತ್ತಿನಲ್ಲಿ. ಹರಿಹರದಲ್ಲಿ 1224ರ ಹೊತ್ತಿಗೆ ಹೊಯ್ಸಳರ ಸೇನಾನಿ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯವು ಇಂದಿಗೂ ನಿಂತಿದೆ. ಅದರ ಕಂಬಗಳ ನುಣುಪನ್ನು ಕಂಡು ಶಿಲ್ಪಿಯನ್ನು ಹೊಗಳದವರಿಲ್ಲ. ಕಲ್ಲಿನ ಮೇಲೆ ಆಡುವ ಚಾಣ ಬಹುಬೇಗ ಮೊಂಡಾಗುವುದು. ಅದನ್ನು ಮತ್ತೆ ಮತ್ತೆ ಕಾಯಿಸಿ, ಹರಿತ ಮಾಡಿ, ಹದ ಹಾಕಿಕೊಡುವ ಕೈ ಹಿಂದೆ ಇಲ್ಲದಿದ್ದರೆ ಆ ನುಣುಪು ಎಲ್ಲಿಂದ ಬರಬೇಕು? ಆ ಕೈಯ ಗುರುತು ಗುಡಿಯಲ್ಲಿ ಎಲ್ಲಿಯೂ ಇಲ್ಲ. ಗುಡಿಯೆಲ್ಲ ಆ ಕೈಯ ಋಣದಲ್ಲಿದೆ.

ಯಾರೂ ನೋಡದೆಡೆಯಲ್ಲಿ ಸತ್ಯವಾಗಿರುವುದು ಹೇಗೆಂಬ ಪ್ರಶ್ನೆಯೇ ಧರ್ಮದ ಮೂಲಪ್ರಶ್ನೆ. ಬಹಿರಂಗದ ಶುದ್ಧಿಗೆ ಜನರ ಕಣ್ಣು ಸಾಕ್ಷಿ. ಅಂತರಂಗದ ಶುದ್ಧಿಗೆ ಆತ್ಮಸಾಕ್ಷಿಯೊಂದೇ ಗತಿ. ಶರಣರು ಈ ಎರಡು ಶುದ್ಧಿಗಳನ್ನೂ ಬೇರ್ಪಡಿಸದೆ ಹೇಳಿದುದು ಇದಕ್ಕಾಗಿಯೇ. ಕಮ್ಮಾರನಿಗೆ ಅದು ಉಪದೇಶದ ಮಾತಲ್ಲ, ದಿನದ ಕೆಲಸ. ಅವಸರಕ್ಕೆ ಒಳಗಾಗಿ ಎರಡನೆಯ ಬಾರಿ ಬಿಸಿ ಮಾಡುವುದನ್ನು ಬಿಟ್ಟುಬಿಟ್ಟರೆ ಆ ದಿನ ಕೇಳುವವರಿಲ್ಲ. ಬಿಡದೆ ಮಾಡಿದರೆ ಆ ದಿನ ಹೊಗಳುವವರೂ ಇಲ್ಲ. ಹೊಗಳಿಕೆಯೂ ದಂಡವೂ ಇಲ್ಲದ ಆ ಸಣ್ಣ ಅವಧಿಯಲ್ಲಿ ದುಡಿಮೆಯು ಕಾಯಕವಾಗುವುದು, ಇಲ್ಲವೆ ಬರಿಯ ದುಡಿಮೆಯಾಗಿಯೇ ಉಳಿಯುವುದು.

ಹಿಂದಿನ ಗ್ರಾಮವ್ಯವಸ್ಥೆ ಈ ಸತ್ಯಕ್ಕೆ ಒಂದು ಬಗೆಯ ಆಸರೆಯನ್ನು ಒದಗಿಸಿದ್ದಿತು. ಕಮ್ಮಾರನು ಊರಿನ ಆಯಗಾರರಲ್ಲಿ ಒಬ್ಬನು. ವರ್ಷವಿಡೀ ರೈತರ ಉಪಕರಣಗಳನ್ನು ನೋಡಿಕೊಳ್ಳುವನು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳನ್ನು ಪಡೆಯುವನು. ಮುರಿದ ಕುಳವು ಮರುದಿನವೇ ಅವನ ಕುಲುಮೆಯ ಮುಂದೆ ಬಂದು ಬೀಳುತ್ತಿದ್ದಿತು. ಅದನ್ನು ಸರಿಪಡಿಸಲು ಬೇರೆ ಕೂಲಿಯಿರಲಿಲ್ಲ. ಆದಕಾರಣ ಗಟ್ಟಿಯಾಗಿ ಮಾಡುವುದರಲ್ಲಿ ಧರ್ಮದೊಡನೆ ಲಾಭವೂ ಕೂಡಿಕೊಂಡಿದ್ದಿತು. ಮಾಡಿದವನೂ ಬಳಸಿದವನೂ ಒಂದೇ ಕೆರೆಯ ನೀರು ಕುಡಿಯುವವರಾದುದರಿಂದ ಮೋಸಕ್ಕೆ ಮರೆಯಿರಲಿಲ್ಲ.

ಹಾಗೆಂದು ಆ ವ್ಯವಸ್ಥೆಯನ್ನು ಸತ್ಯಯುಗವೆಂದು ಬಣ್ಣಿಸುವುದು ನ್ಯಾಯವಲ್ಲ. ಮಳೆ ಕೈಕೊಟ್ಟ ವರ್ಷ ಕಣದಲ್ಲಿ ಕಾಳಿಲ್ಲ. ಕಾಳಿಲ್ಲದ ವರ್ಷವೂ ಕುಲುಮೆ ಆರುವಂತಿರಲಿಲ್ಲ. ಕಣದ ಅಂಚಿನಲ್ಲಿ ಕಾದು ನಿಂತು ಪಾಲು ಬೇಡುವಾಗ ಕೆಲಸಗಾರನ ಮಾನಕ್ಕೆ ಕುಂದು ಬರುತ್ತಿದ್ದಿತು. ಇವೆಲ್ಲಕ್ಕಿಂತ ದೊಡ್ಡ ದೋಷವೆಂದರೆ, ಕಮ್ಮಾರನ ಮಗ ಕಮ್ಮಾರನೇ ಆಗಬೇಕೆಂಬ ಕಟ್ಟು. ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಈ ಕಟ್ಟನ್ನು ಕಡಿದರು. ಮನುಷ್ಯನಿಗೆ ಕಸುಬಿನ ಹೆಸರು ಬರುವುದು ಅವನು ಮಾಡುವ ಕ್ರಿಯೆಯಿಂದ, ಹುಟ್ಟಿನಿಂದಲ್ಲ ಎಂಬುದನ್ನು ತಿಳಿಸುವಾಗ ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಕಮ್ಮಾರನೂ ಒಬ್ಬನೆಂಬುದನ್ನು ಭಕ್ತರೆಲ್ಲರೂ ಬಲ್ಲರು. ಈ ಮಾತಿನಿಂದ ಎರಡು ಅರ್ಥಗಳು ಹೊರಡುವುವು. ಕಮ್ಮಾರನ ಮನೆಯಲ್ಲಿ ಹುಟ್ಟಿದವನು ಕಬ್ಬಿಣವನ್ನು ಬಿಟ್ಟು ಬೇರೆ ಕಾಯಕವನ್ನು ಹಿಡಿದರೆ ಅದು ಕುಲದ್ರೋಹವಲ್ಲ. ಬೇರೆ ಮನೆಯಲ್ಲಿ ಹುಟ್ಟಿದವನು ಸುತ್ತಿಗೆಯನ್ನು ಹಿಡಿದರೆ ಅದು ಕೀಳುತನವೂ ಅಲ್ಲ. ಮೊದಲನೆಯ ಅರ್ಥವನ್ನು ಇಂದಿನ ಸಮಾಜ ಬೇಗನೆ ಒಪ್ಪಿಕೊಂಡಿದೆ; ಎರಡನೆಯದನ್ನು ಇನ್ನೂ ಮನಸಾರೆ ಒಪ್ಪಿಲ್ಲ. ತನ್ನ ಮಗನು ಇಂಜಿನಿಯರಾಗಲೆಂದು ಹಾರೈಸುವ ಗೃಹಸ್ಥನೇ ಅವನು ಕುಲುಮೆಯ ಮುಂದೆ ಕುಳಿತರೆ ತಲೆತಗ್ಗಿಸುವನು. ಇಬ್ಬರೂ ದುಡಿಯುವುದು ಅದೇ ಲೋಹದ ಮೇಲೆ!

ಈ ಪ್ರಶ್ನೆಯ ಮುಂದಿನ ಹೆಜ್ಜೆಯನ್ನು ಹರಿಹರದ ಇತಿಹಾಸವೇ ತೋರಿಸಿಕೊಡುವುದು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮವನ್ನು ಆರಂಭಿಸಿ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣವು ಭೂಮಿಗೆ ವಿಷವಾದೀತೆಂದು ರೈತರು ಅಂಜಿದರೆಂದೂ ಮೊದಲ ನೇಗಿಲುಗಳು ಬಹುಕಾಲ ಮಾರಾಟವಾಗದೆ ಉಳಿದುವೆಂದೂ ಆ ಉದ್ಯಮದ ಚರಿತ್ರೆ ಹೇಳುತ್ತದೆ. ಅದೇ ಮನೆತನದ ಉದ್ಯಮ ಬೆಳೆದು, 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಕಾರ್ಖಾನೆ ಸ್ಥಾಪನೆಯಾಯಿತು. ಅಲ್ಲಿ ತಯಾರಾದುದು ಮುಖ್ಯವಾಗಿ ಲೇತು, ಎಂದರೆ ಇತರ ಯಂತ್ರಗಳ ಭಾಗಗಳನ್ನು ಕಡೆದು ಕೊಡುವ ಯಂತ್ರ. ಕುಲುಮೆಯು ಹಳ್ಳಿಯ ಇತರ ಕಸುಬುಗಳಿಗೆ ತಾಯಿಯಾಗಿದ್ದಂತೆ ಲೇತು ಕಾರ್ಖಾನೆಗಳಿಗೆ ತಾಯಿಯಾಯಿತು. ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯ ಪಕ್ಕದಲ್ಲಿ ಹರಿಹರವು ಕಬ್ಬಿಣದ ಊರಾಗಿ ಬೆಳೆಯಿತು.

ಇಲ್ಲಿ ಒಂದು ಆಕ್ಷೇಪ ಏಳುವುದು. ಯಂತ್ರಕ್ಕೆ ಮನಸ್ಸಿಲ್ಲ, ಭಕ್ತಿಯಿಲ್ಲ. ಆದುದರಿಂದ ಯಂತ್ರದ ಕೆಲಸವು ಕಾಯಕವಾಗದು. ಕಾಯಕವು ಕಾಯದಿಂದ, ಎಂದರೆ ಮೈಯಿಂದಲೇ ಆಗಬೇಕು ಎಂದು ಕೆಲವರು ವಾದಿಸುವರು. ಈ ವಾದವನ್ನು ಒಪ್ಪಿದರೆ ಸುತ್ತಿಗೆಯನ್ನೂ ಬಿಡಬೇಕಾಗುವುದು. ಅದೂ ಒಂದು ಯಂತ್ರವೇ. ತಿದಿಯ ಬದಲು ಕೈಯಿಂದ ತಿರುಗಿಸುವ ಗಾಳಿಯ ಚಕ್ರ ಬಂದಿತು. ಅದರ ಬದಲು ವಿದ್ಯುತ್ತಿನ ಬ್ಲೋಯರ್ ಬಂದಿತು. ಇವುಗಳಲ್ಲಿ ಯಾವ ಮೆಟ್ಟಿಲಿನಲ್ಲಿ ಕಾಯಕವು ಸತ್ತಿತೆಂದು ಗೆರೆ ಎಳೆಯುವುದು ಸಾಧ್ಯವೆ? ಲೇತು ಕಟ್ಟುವ ಕೆಲಸವನ್ನೇ ನೋಡಿದರೂ, ಲೇತಿನ ಹಾಸಿನ ಮೇಲ್ಮೈಯನ್ನು ಯಂತ್ರವು ಸವರಿದ ಮೇಲೆ, ಕುಶಲನಾದ ಕೆಲಸಗಾರನು ಅದಕ್ಕೆ ನೀಲಿ ಬಣ್ಣವನ್ನು ತಾಕಿಸಿ, ಎಲ್ಲಿ ಉಬ್ಬಿದೆಯೆಂಬುದನ್ನು ಗುರುತಿಸಿ, ಕೈಯುಳಿಯಿಂದ ಕೆರೆದು ಕೆರೆದು ಸಮತಟ್ಟು ಮಾಡುವ ಕ್ರಮ ಬಹುಕಾಲ ನಡೆದುಬಂದಿತು. ಕೂದಲೆಳೆಯ ಒಂದು ಅಂಶದಷ್ಟು ಉಬ್ಬು ಉಳಿದರೆ ನೋಡುವವರ ಕಣ್ಣಿಗೆ ಕಾಣದು. ಆದರೆ ಆ ಲೇತಿನಲ್ಲಿ ಕಡೆದ ಪ್ರತಿಯೊಂದು ವಸ್ತುವಿಗೂ ಆ ದೋಷ ಅಂಟಿಕೊಳ್ಳುವುದು. ಕುಡುಗೋಲಿನ ಹದವೂ ಹೀಗೆಯೇ ಕಾಣದುದಾಗಿತ್ತೆಂಬುದನ್ನು ನೆನೆದರೆ, ಉಪಕರಣ ಬದಲಾದರೂ ಪರೀಕ್ಷೆ ಬದಲಾಗಲಿಲ್ಲವೆಂಬುದು ಸ್ಪಷ್ಟವಾಗುವುದು.

ಯಂತ್ರಯುಗದಲ್ಲಿ ಬದಲಾದುದು ಬೇರೊಂದಿದೆ. ಮಾಡುವವನಿಗೂ ಬಳಸುವವನಿಗೂ ನಡುವಣ ದಾರಿ ಉದ್ದವಾಯಿತು. ಹಳ್ಳಿಯಲ್ಲಿ ಮುರಿದ ಕುಳ ಮಾಡಿದವನ ಬಾಗಿಲಿಗೇ ಬರುತ್ತಿದ್ದಿತು. ಇಂದು ಪೇಟೆಯ ಅಂಗಡಿಯಲ್ಲಿ ಕೊಂಡ ಸಲಿಕೆ ಎಲ್ಲಿ ತಯಾರಾಯಿತೆಂಬುದು ಕೊಂಡವನಿಗೆ ತಿಳಿಯದು. ಅದು ಯಾರ ಹೊಲದಲ್ಲಿ ಮುರಿಯಿತೆಂಬುದು ಮಾಡಿದವನಿಗೆ ತಿಳಿಯದು. ಆ ಅಂತರವನ್ನು ತುಂಬುವುದಕ್ಕಾಗಿ ಕಾರ್ಖಾನೆಗಳು ಅಳತೆಯ ಉಪಕರಣಗಳನ್ನೂ ತಪಾಸಣೆಯ ನಿಯಮಗಳನ್ನೂ ಏರ್ಪಡಿಸಿಕೊಂಡವು. ಅದು ಒಳ್ಳೆಯ ಏರ್ಪಾಡು. ಆದರೆ ತಪಾಸಣೆ ಮಾಡುವವನೂ ಮನುಷ್ಯನೇ. ನೋಡದೆ ಮುದ್ರೆ ಒತ್ತುವ ಅವಕಾಶ ಅವನಿಗೂ ಇದೆ. ಎಷ್ಟು ಕಣ್ಣುಗಳನ್ನು ಕಾವಲಿಟ್ಟರೂ ಕಡೆಯ ಕಣ್ಣಿನ ಹಿಂದೆ ಒಂದು ಮನಸ್ಸಿರಲೇಬೇಕು. ಆ ಮನಸ್ಸು ಸತ್ಯಶುದ್ಧವಾಗಿದ್ದರೆ ಕಾರ್ಖಾನೆಯೂ ಕಾಯಕದ ನೆಲೆ. ಇಲ್ಲವಾದರೆ ಕುಲುಮೆಯೂ ಅಲ್ಲ.

ಹರಿಹರದ ಆ ಕಾರ್ಖಾನೆ ಇಪ್ಪತ್ತೊಂದನೆಯ ಶತಮಾನದ ಆರಂಭದ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ಒಂದು ಕಾಲಕ್ಕೆ ಕುಲುಮೆಯನ್ನು ಹಿಂದಕ್ಕೆ ತಳ್ಳಿದ ಯಂತ್ರವೂ ಹೀಗೆ ತನ್ನ ಸರದಿಯಲ್ಲಿ ಹಿಂದಕ್ಕೆ ಸರಿಯಿತು. ಅಂತಹ ದಿನಗಳಲ್ಲಿ ಒಂದು ಊರಿನ ಸಂಸಾರಗಳು ಅನುಭವಿಸುವ ಸಂಕಟವನ್ನು ತತ್ತ್ವದ ಮಾತಿನಿಂದ ಮುಚ್ಚಿಡಬಾರದು. ಕಾಯಕವು ಶ್ರೇಷ್ಠವೆಂದು ಸಾರುವ ಸಮಾಜಕ್ಕೆ, ದುಡಿಯಲು ಸಿದ್ಧವಾದ ಕೈಗೆ ಕೆಲಸವನ್ನು ಒದಗಿಸುವ ಹೊಣೆಯೂ ಇದೆ. ಆದರೂ ಇಲ್ಲಿ ವಿವೇಚಿಸತಕ್ಕ ಸಂಗತಿಯೊಂದಿದೆ. ಕಟ್ಟಡಕ್ಕೆ ಬೀಗ ಬೀಳಬಹುದು, ಯಂತ್ರಗಳು ಹರಾಜಾಗಬಹುದು. ನೂರರಲ್ಲೊಂದು ಪಾಲು ಮಿಲಿಮೀಟರನ್ನು ಅಳೆಯಲು ಕಲಿತ ಕಣ್ಣನ್ನೂ, ಅರೆಬರೆ ಕೆಲಸವನ್ನು ಕೈಬಿಡಲು ಒಪ್ಪದ ಮನಸ್ಸನ್ನೂ ಹರಾಜು ಹಾಕಲಾಗದು. ಕಸುಬು ಅಳಿಯಬಹುದು, ಕಸುಬಿನಲ್ಲಿ ಗಳಿಸಿದ ನಿಷ್ಠೆ ಬೇರೊಂದು ಕಸುಬಿಗೆ ಬೀಜವಾಗುವುದು. ನುಲಿಯ ಚಂದಯ್ಯನವರ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂದೂ ಲಿಂಗವೇ ಅವರನ್ನು ಹಿಂಬಾಲಿಸಿತೆಂದೂ ಪರಂಪರೆ ಹೇಳುವುದು. ಹಿಡಿದ ಹುಲ್ಲು ಅವರಿಗೆ ದೊಡ್ಡದಾಗಿರಲಿಲ್ಲ. ಜಂಗಮಕ್ಕೆ ಸಲ್ಲಬೇಕಾದುದನ್ನು ತಪ್ಪಿಸಬಾರದೆಂಬ ನಿಷ್ಠೆ ದೊಡ್ಡದಾಗಿದ್ದಿತು.

ಇನ್ನು ಕಮ್ಮಾರಿಕೆಯ ಪುನರುಜ್ಜೀವನದ ವಿಚಾರ. ಕುಲುಮೆಯು ಪೂರ್ಣವಾಗಿ ಆರಿಹೋಗಿಲ್ಲ. ಸವೆದ ಲಾರಿಯ ಪಟ್ಟಿಗಳಲ್ಲಿ ಒಳ್ಳೆಯ ಉಕ್ಕಿದೆಯೆಂಬುದನ್ನು ಅರಿತ ಕಮ್ಮಾರರು ಅವುಗಳನ್ನು ಕಡಿದು ಮಚ್ಚು ಕೊಡಲಿಗಳನ್ನು ಮಾಡುವರು. ಭದ್ರಾ ನಾಲೆಯ ನೀರುಂಡ ದಾವಣಗೆರೆ ಹರಿಹರಗಳ ಭತ್ತದ ಗದ್ದೆಗಳಿಗೆ ಇಂದು ಕೊಯ್ಲಿನ ಯಂತ್ರಗಳು ಇಳಿದಿರುವುದರಿಂದ ಕುಡುಗೋಲಿಗೆ ಬೇಡಿಕೆ ಕುಗ್ಗಿದೆ. ಟ್ರ್ಯಾಕ್ಟರಿನ ನೇಗಿಲನ್ನು ದುರಸ್ತಿ ಮಾಡುವ ವೆಲ್ಡಿಂಗ್ ಕೆಲಸ ಹೆಚ್ಚಿದೆ. ಭಾರತ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳನ್ನು ಸೇರಿಸಿದ್ದು, ಅವುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿ, ಉಪಕರಣಕ್ಕಾಗಿ 15,000 ರೂಪಾಯಿಗಳ ನೆರವು, ಶೇಕಡ 5ರ ಬಡ್ಡಿಯಲ್ಲಿ ಎರಡು ಕಂತುಗಳಾಗಿ 3 ಲಕ್ಷ ರೂಪಾಯಿಗಳವರೆಗೆ ಸಾಲ, ಇವು ಅದರ ಮುಖ್ಯಾಂಶಗಳು. ಹೊರನಾಡುಗಳಲ್ಲಿಯೂ ಇಂತಹ ಪ್ರಯತ್ನಗಳಾಗಿವೆ. ಅಮೆರಿಕದಲ್ಲಿ ಕಲಾವಿದ ಕಮ್ಮಾರರು 1973ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡು ಅಳಿಯುತ್ತಿದ್ದ ವಿದ್ಯೆಯನ್ನು ಹೊಸಬರಿಗೆ ಕಲಿಸತೊಡಗಿದರು.

ಆ ದೇಶದಿಂದಲೇ ಬಂದ ಇನ್ನೊಂದು ಪಾಠ ಕನ್ನಡಿಗರಿಗೆ ಹತ್ತಿರವಾದುದು. ನಮ್ಮ ನಾಡಿನಂತಹ ಕಡೆಗಳ ಉಕ್ಕಿನಿಂದ ಹಿಂದೆ ಮಾಡುತ್ತಿದ್ದ, ಮೈಮೇಲೆ ನೀರಿನ ಅಲೆಯಂತಹ ಗೆರೆಗಳುಳ್ಳ ಡಮಾಸ್ಕಸ್ ಖಡ್ಗಗಳ ವಿದ್ಯೆ ಲುಪ್ತವಾಗಿದ್ದಿತು. ಜಾನ್ ವರ್ಹೋವನ್ ಎಂಬ ಲೋಹಶಾಸ್ತ್ರಜ್ಞರೂ ಆಲ್ಫ್ರೆಡ್ ಪೆಂಡ್ರೆ ಎಂಬ ಕಮ್ಮಾರರೂ ಕೂಡಿ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಂತಹ ಗೆರೆಗಳನ್ನು ಮತ್ತೆ ಮೂಡಿಸಿದರು. ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ವನೇಡಿಯಂ ಮುಂತಾದ ಧಾತುಗಳು ಆ ಗೆರೆಗಳಿಗೆ ಕಾರಣವೆಂದೂ, ಅಂತಹ ಅದಿರು ಸಿಗದೆ ಹೋದಾಗ ವಿದ್ಯೆಯೂ ಕೈತಪ್ಪಿರಬಹುದೆಂದೂ ಅವರು ತರ್ಕಿಸಿದರು. ಹಿಂದಿನ ಕಮ್ಮಾರನಿಗೆ ಕ್ರಿಯೆ ತಿಳಿದಿದ್ದಿತು, ಕಾರಣ ತಿಳಿದಿರಲಿಲ್ಲ. ಆದುದರಿಂದ ಸಾಮಗ್ರಿ ಬದಲಾದೊಡನೆ ಅವನು ಅಸಹಾಯನಾದನು. ಅರಿವಿಲ್ಲದ ಆಚಾರವೂ ಆಚಾರವಿಲ್ಲದ ಅರಿವೂ ನಿಲ್ಲಲಾರವೆಂದು ಶರಣರು ಸಾಧನೆಯ ವಿಷಯದಲ್ಲಿ ತಿಳಿಸಿದ ತತ್ತ್ವವು ಕುಲುಮೆಗೂ ಅನ್ವಯಿಸುವುದು. ಶಾಸ್ತ್ರಜ್ಞನೂ ಕಮ್ಮಾರನೂ ಒಂದೇ ಬೆಂಕಿಯ ಮುಂದೆ ಕುಳಿತಾಗ ಮಾತ್ರ ಆ ವಿದ್ಯೆ ಮರಳಿ ಬಂದಿತು.

ಆದುದರಿಂದ ಪುನರುಜ್ಜೀವನವೆಂಬ ಮಾತನ್ನು ಕೇಳಿದೊಡನೆ ಹಿಗ್ಗದೆ, ಏನು ಮರಳಿ ಬರುತ್ತಿದೆಯೆಂದು ವಿಚಾರಿಸಬೇಕು. ಹಳೆಯ ಉಪಕರಣಗಳನ್ನು ಗೋಡೆಗೆ ತೂಗುಹಾಕಿ ನೋಡಿ ಆನಂದಿಸುವುದು ಒಂದು ಬಗೆ. ಅದರಲ್ಲಿ ನೆನಪು ಉಳಿಯುವುದು, ಕಾಯಕ ಉಳಿಯದು. ನೆರವಿನ ಹಣಕ್ಕಾಗಿ ಕೆಲವು ದಿನ ತರಬೇತಿಗೆ ಹೋಗಿ, ಉಪಕರಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಸೇರಿಸುವುದು ಇನ್ನೊಂದು ಬಗೆ. ಅದರಲ್ಲಿ ಲೆಕ್ಕ ಉಳಿಯುವುದು, ವಿದ್ಯೆಯೂ ಉಳಿಯದು. ಆಯಾ ಕುಲದವರೇ ಆಯಾ ಕಸುಬನ್ನು ಮಾಡಿಕೊಂಡಿರಲೆಂಬ ಒಳ ಆಶಯದಿಂದ ಕಸುಬನ್ನು ಹೊಗಳುವುದು ಮೂರನೆಯ ಬಗೆ. ಅದು ಎಲ್ಲಕ್ಕಿಂತ ಅಪಾಯಕರ. ಮೇಲೆ ಹೇಳಿದ ಯೋಜನೆಯಲ್ಲಿ ಕುಲದ ನಿರ್ಬಂಧವಿಲ್ಲವಾದರೂ, ಕುಟುಂಬದ ಪರಂಪರೆಯಿಂದ ಬಂದ ಕಸುಬೆಂಬ ಮಾತು ಅದರಲ್ಲಿದೆ. ಪರಂಪರೆಯನ್ನು ಗೌರವಿಸುವುದು ಬೇರೆ, ಪರಂಪರೆಯಿಂದ ಕಟ್ಟಿಹಾಕುವುದು ಬೇರೆ ಎಂಬ ಎಚ್ಚರ ಸಮಾಜಕ್ಕೆ ಇರಬೇಕು. ತಂದೆಯ ಕುಲುಮೆಯಿಂದ ಹೊರಟು ಕಾಲೇಜಿಗೆ ಹೋದ ಮಗಳನ್ನು ಹಿಂದಕ್ಕೆ ಕರೆಯುವ ಪುನರುಜ್ಜೀವನವು ಬಸವಣ್ಣನವರ ಮಾರ್ಗವಲ್ಲ. ಮನಸ್ಸಿದ್ದವರು ಯಾವ ಮನೆಯವರಾದರೂ ಬಂದು ಕಲಿಯುವಂತೆ ಕುಲುಮೆಯ ಬಾಗಿಲನ್ನು ತೆರೆದಿಡುವ ಪುನರುಜ್ಜೀವನವು ಅವರ ಮಾರ್ಗ.

ನಿಜವಾದ ಪುನರುಜ್ಜೀವನಕ್ಕೆ ಮೂರು ಲಕ್ಷಣಗಳನ್ನು ಹೇಳಬಹುದು. ಕಾಣದ ಹದದಲ್ಲಿ ಮೋಸವಿಲ್ಲದಿರುವುದು ಮೊದಲನೆಯದು. ವಿದ್ಯೆಯನ್ನು ಬಚ್ಚಿಡದೆ, ಕಾರಣಸಹಿತವಾಗಿ, ಭೇದವಿಲ್ಲದೆ ಕಲಿಸುವುದು ಎರಡನೆಯದು. ದುಡಿದವನಿಗೆ ಮಾನದೊಡನೆ ಬದುಕುವಷ್ಟು ಪ್ರತಿಫಲ ದೊರೆಯುವುದು ಮೂರನೆಯದು. ಇವುಗಳಲ್ಲಿ ಮೊದಲನೆಯದು ಕಮ್ಮಾರನ ಹೊಣೆ. ಎರಡನೆಯದು ಕಮ್ಮಾರನಿಗೂ ವಿದ್ಯಾವಂತರಿಗೂ ಸೇರಿದುದು. ಮೂರನೆಯದು ಸಂಪೂರ್ಣವಾಗಿ ಕೊಳ್ಳುವವರಿಗೆ, ಎಂದರೆ ಗೃಹಸ್ಥರಿಗೆ ಸೇರಿದುದು.

ಈ ಮೂರನೆಯದನ್ನು ಕುರಿತು ಸ್ವಲ್ಪ ವಿಚಾರ ಮಾಡಬೇಕು. ದುಡಿಯುವವನು ಸತ್ಯಶುದ್ಧನಾಗಿರಬೇಕೆಂದು ಬಯಸುವ ಗೃಹಸ್ಥನು, ತಾನು ಬೆಲೆ ಕೊಡುವಾಗ ಸತ್ಯಶುದ್ಧನಾಗಿರುವನೇ ಎಂದು ತನ್ನನ್ನು ತಾನು ಕೇಳಿಕೊಂಡುದು ಅಪರೂಪ. ಇದ್ದಿಲಿನ ಬೆಲೆ, ಕಬ್ಬಿಣದ ಬೆಲೆ, ಅರ್ಧ ದಿನದ ಬೆವರು, ಎಲ್ಲವೂ ಸೇರಿದ ಒಂದು ಕೊಡಲಿಗೆ ಚೌಕಾಸಿ ಮಾಡಿ ಅರ್ಧ ಬೆಲೆ ಕೊಡುವವನು, ಕಮ್ಮಾರನಿಗೆ ಹದವನ್ನು ಕಡಮೆ ಮಾಡೆಂದು ಬಾಯಿಬಿಟ್ಟು ಹೇಳದೆಯೇ ಹೇಳಿದಂತಾಗುವುದು. ಮೋಸದ ಸರಕಿನ ಹಿಂದೆ ಅನೇಕ ವೇಳೆ ಜಿಪುಣತನದ ಬೆಲೆಯೂ ಇರುವುದು. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಗತ್ಯಕ್ಕೆ ಮೀರಿದುದನ್ನು ಹಿಂದಕ್ಕೆ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಹೇಳಿದ ಪ್ರಸಂಗ ಮನೆಮನೆಗೂ ಗೊತ್ತು. ಆ ಕಥೆಯನ್ನು ದುಡಿಯುವವನ ಆಸೆಗೆ ಕಡಿವಾಣವೆಂದು ಮಾತ್ರ ಓದುವುದು ರೂಢಿ. ಕೊಳ್ಳುವವನ ಆಸೆಗೂ ಅದು ಕಡಿವಾಣ. ಕೊಡಬೇಕಾದ ಬೆಲೆಯಲ್ಲಿ ಉಳಿಸಿಕೊಂಡ ಹಣವೂ ತನ್ನದಲ್ಲದ ಅಕ್ಕಿಯೇ. ಅದನ್ನು ಮನೆಗೆ ತಂದು ಅದರಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಕೊಟ್ಟರೆ, ಒಬ್ಬರಿಂದ ಕಸಿದುದನ್ನು ಇನ್ನೊಬ್ಬರಿಗೆ ಬಡಿಸಿದಂತಾಗುವುದೇ ಹೊರತು ದಾಸೋಹವಾಗದು.

ಸಂಪತ್ತು ಸರಿಯಾದ ದಾರಿಯಲ್ಲಿ ಸವೆದರೆ ಎಂತಹ ಫಲವನ್ನು ಕೊಡುವುದೆಂಬುದಕ್ಕೆ ಇದೇ ಸೀಮೆಯಲ್ಲಿ ನಿದರ್ಶನವಿದೆ. ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಇಂದಿಗೂ ಬಿ. ಡಿ. ಟಿ. ಎಂಬ ದಾನಿಯ ಹೆಸರನ್ನು ಹೊತ್ತು ನಡೆಯುತ್ತಿದೆ. ಅಂತಹ ವಿದ್ಯಾಲಯಗಳಲ್ಲಿ ಕಲಿತವರು ಲೋಹದ ಒಳಗನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲರು. ಹದದ ರಹಸ್ಯವನ್ನು ಅಂಕಿಗಳಲ್ಲಿ ಬರೆಯಬಲ್ಲರು. ಅವರು ಹತ್ತಿರದ ಹಳ್ಳಿಯ ಕುಲುಮೆಯ ಮುಂದೆ ಒಂದು ದಿನ ಕುಳಿತು, ಬಣ್ಣವನ್ನು ಕಂಡು ಶಾಖವನ್ನು ಅಳೆಯುವ ಕಣ್ಣಿಗೆ ಗೌರವ ಸಲ್ಲಿಸಿ, ತಮ್ಮ ಶಾಸ್ತ್ರವನ್ನು ಆ ಕಣ್ಣಿಗೆ ತಿಳಿಯುವ ಮಾತಿನಲ್ಲಿ ಹೇಳಿದರೆ, ಅದು ಜ್ಞಾನದಾಸೋಹ. ಕಲ್ಯಾಣದ ಅನುಭವಗೋಷ್ಠಿಯಲ್ಲಿ ಅಂಬಿಗನೂ ಮಡಿವಾಳನೂ ಮಂತ್ರಿಯೂ ಸಮಾನರಾಗಿ ಕುಳಿತರೆಂದು ಹೆಮ್ಮೆಪಡುವವರಿಗೆ, ಇಂಜಿನಿಯರನೂ ಕಮ್ಮಾರನೂ ಸಮಾನರಾಗಿ ಕುಳಿತುಕೊಳ್ಳುವುದು ಅಸಾಧ್ಯವಾಗಬಾರದು.

ಇಷ್ಟು ವಿಚಾರದಿಂದ ಮೊದಲು ಎತ್ತಿದ ಪ್ರಶ್ನೆಗೆ ಉತ್ತರ ದೊರೆಯುವುದು. ಕಾಯಕವು ಸುತ್ತಿಗೆಯಲ್ಲಿಲ್ಲ, ಲೇತಿನಲ್ಲಿಯೂ ಇಲ್ಲ. ಆದುದರಿಂದ ಸುತ್ತಿಗೆ ಹೋದರೆ ಅದು ಹೋಗದು, ಸುತ್ತಿಗೆ ಮರಳಿದ ಮಾತ್ರಕ್ಕೆ ಮರಳದು. ಯಾರ ಕಣ್ಣಿಗೂ ಬೀಳದ ಹದವನ್ನು ತಪ್ಪಿಸದೆ ಹಾಕುವ ನಿಷ್ಠೆಯಲ್ಲಿ ಅದು ನೆಲಸಿದೆ. ಈ ಕಾಣದ ಹದವು ಕಬ್ಬಿಣಕ್ಕೆ ಮಾತ್ರ ಸೇರಿದುದಲ್ಲ. ಅಂಗಡಿಯವನ ತೂಕದಲ್ಲಿ, ಉಪಾಧ್ಯಾಯನ ಪಾಠದಲ್ಲಿ, ವೈದ್ಯನ ಔಷಧದಲ್ಲಿ, ಗುಮಾಸ್ತನ ಕಡತದಲ್ಲಿ, ತಾಯಿಯ ಅಡಿಗೆಯಲ್ಲಿ, ಎಲ್ಲೆಲ್ಲಿಯೂ ಕೊಳ್ಳುವವರ, ಕೇಳುವವರ, ಉಣ್ಣುವವರ ಕಣ್ಣಿಗೆ ಕಾಣದ ಒಂದು ಹದವಿದೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ಭಕ್ತನು ಪೂಜೆ ಮುಗಿಸಿ ಎದ್ದ ಮೇಲೆ ಅದೇ ಅಂಗೈಯಿಂದ ಆ ಹದವನ್ನು ಹಾಕುವನೋ ತಪ್ಪಿಸುವನೋ ಎಂಬುದರ ಮೇಲೆ ಅವನ ಪೂಜೆಯ ಬೆಲೆ ನಿಂತಿದೆ. ಮುಂದಿನ ಸಾರಿ ಸಂತೆಯಲ್ಲಿ ಕಮ್ಮಾರನ ಮುಂದೆ ನಿಂತು ಕುಡುಗೋಲೊಂದನ್ನು ಕೈಗೆತ್ತಿಕೊಂಡಾಗ, ಅದರ ಬೆಲೆಯನ್ನು ಪೂರ್ಣವಾಗಿ ಕೊಟ್ಟು, ಮನೆಗೆ ಬಂದು ತನ್ನ ಕೆಲಸದ ಹದವನ್ನು ಪರೀಕ್ಷಿಸಿಕೊಳ್ಳುವ ಗೃಹಸ್ಥನು ಕುಲುಮೆಯ ಕಾಯಕವನ್ನೂ ತನ್ನ ಕಾಯಕವನ್ನೂ ಏಕಕಾಲಕ್ಕೆ ಉಳಿಸಿದವನಾಗುವನು.